ನಮ್ಮ ಪುಸ್ತಕದಲ್ಲಿ ಮೇವಿಗೆ ಕಾಲಂ ಇರಲಿಲ್ಲ

ಕೃಷಿ ಸಂಶೋಧನೆ ನಡೆಸುವ, ಅದಕ್ಕೆ ಹಣ ಮಂಜೂರು ಮಾಡುವ ಎಲ್ಲ ಹಿರಿಯರಿಗೆ,

ನಮಸ್ಕಾರ.

ನಾನು ವಿಜ್ಞಾನಿಯಲ್ಲ. ಹಲವು ವರ್ಷ ಪ್ರಯೋಗ ತಾಕುಗಳಲ್ಲಿ ಕ್ಷೇತ್ರ ಸಹಾಯಕನಾಗಿ ದುಡಿದವನು. ಬೆಳಗ್ಗೆ ಎದ್ದು ತಾಕಿಗೆ ಹೋಗುವುದು, ಗಿಡದ ಎತ್ತರ ಅಳೆಯುವುದು, ತೆನೆ ಎಣಿಸುವುದು, ಕಾಳು ತೂಗುವುದು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವುದು. ಇದು ನನ್ನ ಕೆಲಸವಾಗಿತ್ತು. ಈ ಪತ್ರ ಬರೆಯುತ್ತಿರುವುದು ಆ ಪುಸ್ತಕದ ಬಗ್ಗೆಯೇ.

ಒಂದು ವರ್ಷ ಜೋಳದ ಹೊಸ ತಳಿಯೊಂದನ್ನು ಪರೀಕ್ಷೆ ಮಾಡುತ್ತಿದ್ದೆವು. ಗಿಡ ಗಿಡ್ಡ, ತೆನೆ ದಪ್ಪ, ಬೇಗ ಕಟಾವಿಗೆ ಬರುತ್ತಿತ್ತು. ಮೊದಲು ಕೊಯ್ದ ಕೆಲವು ಸಾಲು ತೂಕ ಮಾಡಿದಾಗ ಹಳೆಯ ತಳಿಗಿಂತ ಕಾಳು ಜಾಸ್ತಿಯೇ ಬಂತು. ನಮಗೆಲ್ಲ ಖುಷಿಯಾಗಿತ್ತು. ಉಳಿದದ್ದರ ಕಟಾವಿಗೆ ಮೊದಲು ಸುತ್ತಲಿನ ರೈತರನ್ನು ಕರೆದು ಕ್ಷೇತ್ರೋತ್ಸವ ಮಾಡಿದೆವು. ಭಾಷಣ ಮುಗಿದ ಮೇಲೆ ಜನ ತಾಕಿನ ಬದುವಿನ ಮೇಲೆ ನಡೆದು ನೋಡುತ್ತಿದ್ದರು. ವಯಸ್ಸಾದ ಒಬ್ಬ ಹೆಂಗಸು ಒಂದು ಗಿಡದ ಹತ್ತಿರ ನಿಂತರು. ದಂಟನ್ನು ಕೈಯಲ್ಲಿ ಹಿಡಿದು ಬಗ್ಗಿಸಿದರು, ಎಲೆ ಮುರಿದು ನೋಡಿದರು. ಆಮೇಲೆ ನನ್ನನ್ನು ಕರೆದು ಕೇಳಿದರು: "ಕಾಳು ಜಾಸ್ತಿ ಬರುತ್ತೆ, ಸರಿ ತಮ್ಮಾ. ದನಕ್ಕೆ ಏನು ಹಾಕಲಿ?"

ನಾನು ಪುಸ್ತಕ ತೆರೆದೆ. ಅದರಲ್ಲಿ ಗಿಡದ ಎತ್ತರಕ್ಕೆ ಕಾಲಂ ಇತ್ತು. ಹೂ ಬಿಟ್ಟ ದಿನಕ್ಕೆ, ತೆನೆಯ ಉದ್ದಕ್ಕೆ, ನೂರು ಕಾಳಿನ ತೂಕಕ್ಕೆ ಕಾಲಂ ಇತ್ತು. ಮೇವಿಗೆ ಇರಲಿಲ್ಲ. ಸೊಪ್ಪೆಯನ್ನು, ಅಂದರೆ ತೆನೆ ಕೊಯ್ದ ಮೇಲೆ ಉಳಿಯುವ ದಂಟನ್ನು, ನಾವು ತೂಗಿಯೇ ಇರಲಿಲ್ಲ.

ಮುಂದಿನ ವರ್ಷ ಆ ಬೀಜವನ್ನು ಉಚಿತವಾಗಿ ಹಂಚಿದರೂ ಬಿತ್ತಿದವರು ಕೆಲವೇ ಮಂದಿ. ಬಿತ್ತಿದವರೂ ಅದರ ಮುಂದಿನ ವರ್ಷ ಬಿಟ್ಟರು. ನಮ್ಮ ವರದಿಯಲ್ಲಿ ಇದಕ್ಕೆ ಒಂದು ಸಾಲು ಬರೆದೆವು: "ರೈತರಲ್ಲಿ ತಿಳಿವಳಿಕೆಯ ಕೊರತೆ." ಆ ಸಾಲನ್ನು ಕೈಯಾರೆ ಬರೆದವನು ನಾನೇ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಆ ತಾಯಿಗೆ ತಿಳಿವಳಿಕೆ ಇತ್ತು. ಮಳೆ ಕೈಕೊಟ್ಟ ವರ್ಷ ಕಾಳಿಲ್ಲದಿದ್ದರೂ ದಂಟು ಸಿಗುತ್ತದೆ, ಆ ದಂಟು ದನ ಉಳಿಸುತ್ತದೆ, ಆ ದನ ಮನೆ ಉಳಿಸುತ್ತದೆ ಎಂದು ಅವರಿಗೆ ಗೊತ್ತಿತ್ತು. ಕೊರತೆ ಇದ್ದದ್ದು ನಮ್ಮ ಪುಸ್ತಕದಲ್ಲಿ.

ನಾನು ನಿಮ್ಮಲ್ಲಿ ಕೇಳುವುದು ಒಂದೇ. ಪ್ರಯೋಗಕ್ಕೆ ಬೀಜ ಬೀಳುವ ಮೊದಲು, ಆ ಪುಸ್ತಕದಲ್ಲಿ ಯಾವ ಕಾಲಂ ಇರಬೇಕು ಎಂದು ತೀರ್ಮಾನ ಮಾಡುವ ಕೋಣೆಯಲ್ಲಿ, ಬೆಳೆಯುವವರೂ ಕೂರಬೇಕು. ಕ್ಷೇತ್ರೋತ್ಸವದ ದಿನ ಕರೆದರೆ ತಡವಾಯಿತು. ಅಷ್ಟು ಹೊತ್ತಿಗೆ ಪ್ರಶ್ನೆ ಮುಗಿದಿರುತ್ತದೆ, ಉತ್ತರ ತೋರಿಸುವುದಷ್ಟೇ ಉಳಿದಿರುತ್ತದೆ.

ಇದನ್ನು ವಿಜ್ಞಾನದ ಮೇಲಿನ ಸಿಟ್ಟು ಎಂದು ದಯವಿಟ್ಟು ತಿಳಿಯಬೇಡಿ. ವಿಜ್ಞಾನ ಕೋಟ್ಯಂತರ ಜನರ ಹೊಟ್ಟೆ ತುಂಬಿಸಿದೆ, ಅದನ್ನು ಮರೆಯುವ ಹಕ್ಕು ಯಾರಿಗೂ ಇಲ್ಲ. ಫಿಲಿಪೈನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಐಆರ್ 8 ತಳಿಯನ್ನು ಹೊರತಂದಿತು. ಇಂಡೋನೇಷ್ಯಾದ ಪೇಟಾ ಎಂಬ ಎತ್ತರದ ಭತ್ತ, ತೈವಾನಿನ ಒಂದು ಗಿಡ್ಡ ಭತ್ತ, ಇವೆರಡನ್ನು ಕೂಡಿಸಿ ಮಾಡಿದ ತಳಿ ಅದು. ಹಳೆಯ ಭತ್ತಕ್ಕೆ ಗೊಬ್ಬರ ಜಾಸ್ತಿ ಹಾಕಿದರೆ ಗಿಡ ಉದ್ದ ಬೆಳೆದು ನೆಲಕ್ಕೆ ಬೀಳುತ್ತಿತ್ತು. ಇದು ಬೀಳಲಿಲ್ಲ, ಹಿಂದೆ ಕಾಣದಷ್ಟು ಇಳುವರಿ ಕೊಟ್ಟಿತು. ಹಸಿವಿನ ಕಾಲದಲ್ಲಿ ಅದು ದೊಡ್ಡ ಉಪಕಾರ. ಆದರೆ ಅದರ ಅಕ್ಕಿ ಸುಣ್ಣದ ಪುಡಿಯಂತೆ ಬೆಳ್ಳಗೆ, ಗಿರಣಿಯಲ್ಲಿ ನುಚ್ಚಾಗುತ್ತಿತ್ತು, ಅನ್ನ ಆರಿದರೆ ಗಟ್ಟಿ. ಕೀಟ, ರೋಗಗಳೂ ಬೇಗ ತಗಲುತ್ತಿದ್ದವು. ನಂತರದ ತಳಿಗಳು ಈ ದೋಷಗಳನ್ನು ಒಂದೊಂದಾಗಿ ತಿದ್ದುತ್ತಾ ಬಂದವು. ಅಂದರೆ ಊಟ ಮಾಡುವವರ ಕಾಲಂ, ಗಿರಣಿಯವರ ಕಾಲಂ ಆಮೇಲೆ ಸೇರಿದವು. ಹಸಿವಿನ ಅವಸರದಲ್ಲಿ ಅದನ್ನು ಅರ್ಥ ಮಾಡಿಕೊಳ್ಳಬಹುದು. ಇವತ್ತು ಹಾಗೆ ಆಗಬೇಕಾಗಿಲ್ಲ, ಅಲ್ವಾ?

ನಮ್ಮ ತಾಕಿನಲ್ಲಿ ಆ ತಾಯಿ ಕೇಳಿದ ಪ್ರಶ್ನೆಯನ್ನು ಬೇರೆ ಕಡೆಯೂ ಕೇಳಿದ್ದಾರೆ ಎಂದು ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. 1990ರ ದಶಕದಲ್ಲಿ ಸಿರಿಯಾದಲ್ಲಿ ಸಾಲ್ವತೋರೆ ಚೆಕ್ಕರೆಲ್ಲಿ ಎಂಬ ವಿಜ್ಞಾನಿ ಬಾರ್ಲಿ ತಳಿ ಅಭಿವೃದ್ಧಿ ಮಾಡುತ್ತಿದ್ದರು. ಸಂಶೋಧನಾ ಕೇಂದ್ರದ ಒಳಗೆ ಕೂತು ಆಯ್ಕೆ ಮಾಡುವುದನ್ನು ಬಿಟ್ಟು, ನೂರಾರು ಬಗೆಯ ಬಾರ್ಲಿಯನ್ನು ರೈತರ ಹೊಲದಲ್ಲೇ ಬಿತ್ತಿ, ಅವರೇ ಅಂಕ ಕೊಡಲಿ ಎಂದರು. ಒಣ ಪ್ರದೇಶದ ರೈತರು ಎತ್ತರದ ಗಿಡಗಳನ್ನು ಬಯಸಿದರು. ಬರ ಬಂದರೆ ಎಲ್ಲ ಗಿಡವೂ ಗಿಡ್ಡವಾಗುತ್ತದೆ. ಮೊದಲೇ ಗಿಡ್ಡ ಇದ್ದದ್ದು ಕೊಯ್ಯಲೂ ಸಿಗುವುದಿಲ್ಲ. ಮೇಲಾಗಿ ಅಲ್ಲಿನ ಕುರಿಗಳಿಗೆ ಬಾರ್ಲಿಯ ಹುಲ್ಲೇ ಆಧಾರ, ಮೆತ್ತನೆಯ ಹುಲ್ಲಾದರೆ ಕುರಿ ತಿನ್ನುತ್ತದೆ. ಇಷ್ಟು ಲೆಕ್ಕ ಆ ರೈತರ ಕಣ್ಣಲ್ಲಿತ್ತು. ಅವರ ಆಯ್ಕೆಯನ್ನು ಅಂಕಿಗೆ ಇಳಿಸುವ ಕೆಲಸ ವಿಜ್ಞಾನಿಗಳದ್ದಾಯಿತು. ಇಬ್ಬರಿಗೂ ಕೆಲಸ ಇತ್ತು, ಇಬ್ಬರಿಗೂ ಮರ್ಯಾದೆ ಇತ್ತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಕಥೆ ಹೇಳಲೇಬೇಕು. ಸ್ವಲ್ಪ ಉದ್ದವಾದರೂ ಕೇಳಿ.

ಭತ್ತಕ್ಕೆ ನೀರು ಬೇಕು, ನಿಜ. ಆದರೆ ಪ್ರವಾಹ ಬಂದು ಗಿಡ ಪೂರ್ತಿ ಮುಳುಗಿ ಒಂದು ವಾರ ಕಳೆದರೆ ಸಾಯುತ್ತದೆ. ಮುಳುಗಿದ ಗಿಡ ಉಸಿರಿಗಾಗಿ ಮೇಲೆ ಮೇಲೆ ಬೆಳೆಯಲು ನೋಡುತ್ತದೆ. ಆ ಓಟದಲ್ಲಿ ಒಳಗಿನ ಶಕ್ತಿಯೆಲ್ಲ ಖರ್ಚಾಗಿ, ನೀರು ಇಳಿಯುವ ಹೊತ್ತಿಗೆ ಕೊಳೆತು ಹೋಗಿರುತ್ತದೆ. ಆದರೆ ಒಡಿಶಾದ ರೈತರು ತಲೆತಲಾಂತರದಿಂದ ಉಳಿಸಿಕೊಂಡು ಬಂದ ಭತ್ತವೊಂದಿತ್ತು. ಅದು ಮುಳುಗಿದಾಗ ಸುಮ್ಮನೆ ಕೂರುತ್ತಿತ್ತು. ಬೆಳೆಯುವುದನ್ನು ನಿಲ್ಲಿಸಿ, ಶಕ್ತಿ ಹಿಡಿದಿಟ್ಟುಕೊಂಡು, ನೀರು ಇಳಿದ ಮೇಲೆ ಮತ್ತೆ ಚಿಗುರುತ್ತಿತ್ತು. ಅದರಿಂದ ಆಯ್ದ ತಳಿಗೆ ಎಫ್‌ಆರ್ 13ಎ ಎಂದು ಹೆಸರು. ವಿಜ್ಞಾನಿಗಳಿಗೆ ಈ ಗುಣ ದಶಕಗಳಿಂದ ಗೊತ್ತಿತ್ತು. ಅದನ್ನು ಬೇರೆ ತಳಿಗಳ ಜೊತೆ ಕೂಡಿಸಿಯೂ ನೋಡಿದ್ದರು. ಮುಳುಗಡೆ ತಾಳುವ ಗುಣ ಬಂತು, ಜೊತೆಗೆ ಕಡಿಮೆ ಇಳುವರಿ, ಬೇಡವಾದ ಕಾಳಿನ ಗುಣ ಎಲ್ಲವೂ ಬಂತು. ರೈತರು ಒಪ್ಪಲಿಲ್ಲ.

ಆಗ ಕೆಲಸದ ದಾರಿ ಬದಲಾಯಿತು. ರೈತರು ಈಗಾಗಲೇ ಇಷ್ಟಪಟ್ಟು ಬೆಳೆಯುತ್ತಿರುವ ಭತ್ತ ಯಾವುದು ಎಂದು ನೋಡಿದರು. ಸ್ವರ್ಣ. ಆಂಧ್ರದ ಮಾರುಟೇರು ಕೇಂದ್ರದಲ್ಲಿ ಹುಟ್ಟಿ, ಪೂರ್ವ ಭಾರತದ ತುಂಬ, ಗಡಿ ದಾಟಿಯೂ ಹಬ್ಬಿದ ತಳಿ. ಆ ಸ್ವರ್ಣ ಹಾಗೆಯೇ ಇರಲಿ, ಮುಳುಗಡೆ ತಾಳುವ ಒಂದು ಗುಣ ಮಾತ್ರ ಅದಕ್ಕೆ ಸೇರಲಿ ಎಂದು ಹೊರಟರು. ಎಫ್‌ಆರ್ 13ಎಯಿಂದ ಬಂದ ಒಂದು ತಳಿಯನ್ನು ಸ್ವರ್ಣದ ಜೊತೆ ಕೂಡಿಸಿ, ಬಂದದ್ದನ್ನು ಮತ್ತೆ ಮತ್ತೆ ಸ್ವರ್ಣದ ಜೊತೆಗೇ ಕೂಡಿಸಿದರು. ಪ್ರತಿ ಪೀಳಿಗೆಯಲ್ಲೂ ಡಿಎನ್‌ಎ ಗುರುತು ನೋಡಿ ಬೇಕಾದ ಗಿಡ ಮಾತ್ರ ಉಳಿಸಿದರು. ಸಬ್1ಎ ಎಂಬ ಆ ವಂಶವಾಹಿಯ ವಿವರ 2006ರಲ್ಲಿ ಪ್ರಕಟವಾಯಿತು. 2009ರಲ್ಲಿ ಸ್ವರ್ಣ-ಸಬ್1 ಭಾರತದಲ್ಲಿ ಬಿಡುಗಡೆಯಾಯಿತು. ಎರಡು ವಾರದವರೆಗೆ ಮುಳುಗಿದರೂ ಬದುಕುವ ಭತ್ತ. ಪ್ರವಾಹ ಬಾರದ ವರ್ಷ ಅದೇ ಹಳೆಯ ಸ್ವರ್ಣ, ಇಳುವರಿ ಕಡಿಮೆಯಿಲ್ಲ.

ಇಲ್ಲಿ ನನ್ನ ಮನಸ್ಸು ಮುಟ್ಟಿದ ವಿಷಯ ಬೇರೆಯೇ ಇದೆ. ಒಡಿಶಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಈ ತಳಿಯ ಲಾಭ ಯಾರಿಗೆ ಹೆಚ್ಚು ಸಿಗುತ್ತದೆ ಎಂದು ನೋಡಿತು. ಪರಿಶಿಷ್ಟ ಜಾತಿಯ ರೈತರಿಗೆ ಹೆಚ್ಚು. ಯಾಕೆಂದರೆ ಅವರ ಪಾಲಿಗೆ ಬಂದದ್ದು ತಗ್ಗಿನ ಜಮೀನು, ಪ್ರವಾಹ ಮೊದಲು ನುಗ್ಗುವ ಜಮೀನು. ಒಂದು ಬೀಜ, ಯಾವ ಭಾಷಣವೂ ಇಲ್ಲದೆ, ತಗ್ಗಿನ ಹೊಲದವರ ಕಡೆಗೆ ಒಲಿಯಿತು. ಹಳ್ಳಿಯ ಅಭಿವೃದ್ಧಿ ಎಂದರೆ ಇದೇ ಎಂದು ನನಗೆ ಅನಿಸುತ್ತದೆ. ಸರಾಸರಿ ಇಳುವರಿ ಎಷ್ಟು ಏರಿತು ಎಂದು ಮಾತ್ರ ಕೇಳಿದ್ದರೆ ಈ ಸಂಗತಿ ಯಾರಿಗೂ ಕಾಣುತ್ತಿರಲಿಲ್ಲ. ಹಾಗಾಗಿ ನಿಮ್ಮ ಪುಸ್ತಕದಲ್ಲಿ ಇನ್ನೊಂದು ಕಾಲಂ ಬೇಕು: ಯಾರ ಹೊಲದಲ್ಲಿ?

ಪ್ರಯೋಗಗಳು ಎಲ್ಲಿ ನಡೆಯುತ್ತವೆ ಎಂಬುದನ್ನೂ ಇದೇ ಕಾರಣಕ್ಕೆ ಕೇಳುತ್ತೇನೆ. ಕೇಂದ್ರದ ತಾಕು ಸಮತಟ್ಟು. ನೀರು ಹೊತ್ತಿಗೆ ಸರಿಯಾಗಿ ಬರುತ್ತದೆ. ಕಳೆ ಕಾಣಿಸಿದ ದಿನವೇ ಕೀಳಲು ಆಳುಗಳಿದ್ದಾರೆ. ನನ್ನಂಥವನೊಬ್ಬ ದಿನವೂ ಬಂದು ನೋಡುತ್ತಾನೆ. ಅಂಥ ನೆಲದಲ್ಲಿ ಗೆದ್ದ ತಳಿ, ಇಳಿಜಾರಿನ ಕಲ್ಲು ನೆಲದಲ್ಲಿ, ಬಿತ್ತನೆ ಎರಡು ವಾರ ತಡವಾದ ವರ್ಷ, ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ಕಳೆ ತೆಗೆಯಲಾಗದ ಹೊಲದಲ್ಲಿ ಗೆಲ್ಲುತ್ತದೆಯೇ? 2021ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 60 ಕೋಟಿಗೂ ಹೆಚ್ಚು ಹಿಡುವಳಿಗಳಿವೆ. ಅದರಲ್ಲಿ ಸುಮಾರು ಶೇ 84ರಷ್ಟು 2 ಹೆಕ್ಟೇರಿಗಿಂತ ಚಿಕ್ಕವು. ಅವರ ಕೈಯಲ್ಲಿರುವುದು ಕೃಷಿ ಭೂಮಿಯ ಶೇ 12 ಮಾತ್ರ. ಅಷ್ಟರಲ್ಲೇ ಜಗತ್ತಿನ ಆಹಾರದ ಮೂರನೇ ಒಂದು ಭಾಗದಷ್ಟು ಬೆಳೆಯುತ್ತಾರೆ. ಸಂಶೋಧನೆ ನಡೆಯಬೇಕಾದ ನೆಲ ಇದು. ಅಂಕಿಗಳು ಅಂದವಾಗಿ ಬರುವುದಿಲ್ಲ, ಒಂದು ತಾಕಿಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ, ಪ್ರಬಂಧ ಬರೆಯುವುದು ಕಷ್ಟ. ನನಗೆ ಗೊತ್ತು, ಆ ಕಷ್ಟವನ್ನು ನಾನೂ ಪಟ್ಟಿದ್ದೇನೆ. ಆದರೂ ಅಲ್ಲಿಗೇ ಹೋಗಬೇಕು.

ಹೋದರೆ ಏನು ಸಿಗುತ್ತದೆ ಎಂಬುದಕ್ಕೆ ಕೀನ್ಯಾದ ಉದಾಹರಣೆ ಇದೆ. ವಿಕ್ಟೋರಿಯಾ ಸರೋವರದ ದಡದ ಎಂಬಿಟಾದಲ್ಲಿ ಜಿಯಾವುರ್ ಖಾನ್ ಮತ್ತು ಅವರ ಜೊತೆಗಾರರು ಮುಸುಕಿನ ಜೋಳದ ಕಾಂಡ ಕೊರಕ ಹುಳುವಿಗೆ ಉಪಾಯ ಹುಡುಕುತ್ತಿದ್ದರು. ಆ ಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಬಳ್ಳಿ ಬಿತ್ತಿದರೆ ಅದರ ವಾಸನೆಗೆ, ಆ ಹುಳುವಿನ ಮೊಟ್ಟೆ ಇಡುವ ಪತಂಗ ದೂರ ಹೋಗುತ್ತದೆ. ಹೊಲದ ಸುತ್ತ ನೇಪಿಯರ್ ಹುಲ್ಲು ಹಾಕಿದರೆ ಪತಂಗ ಅಲ್ಲಿಗೆ ಹೋಗಿ ಮೊಟ್ಟೆ ಇಡುತ್ತದೆ, ಮರಿಗಳು ಅದರಲ್ಲಿ ಬದುಕುವುದು ಕಡಿಮೆ. ಹೀಗೆ ಹುಳುವಿನ ಸಮಸ್ಯೆಗೆ ಹೋದವರ ಕಣ್ಣಿಗೆ ಇನ್ನೊಂದು ಬಿತ್ತು. ಡೆಸ್ಮೋಡಿಯಂ ಇದ್ದ ಕಡೆ ಸ್ಟ್ರೈಗಾ ಕಳೆ ಇಲ್ಲ! ಜೋಳದ ಬೇರಿಗೆ ಅಂಟಿ ಅದರ ರಸ ಹೀರುವ ಕಳೆ ಅದು, ಆಫ್ರಿಕಾದ ರೈತರಿಗೆ ಹುಳುವಿಗಿಂತ ದೊಡ್ಡ ಪೀಡೆ. ಡೆಸ್ಮೋಡಿಯಂ ಬೇರಿನಿಂದ ಒಸರುವ ರಾಸಾಯನಿಕಗಳು ಅದನ್ನು ತಡೆಯುತ್ತವೆ ಎಂದು ಆಮೇಲೆ ತಿಳಿಯಿತು. ಎರಡೂ ಗಿಡ ದನಕ್ಕೆ ಮೇವು. ಬಳ್ಳಿ ಮಣ್ಣಿಗೆ ಸಾರಜನಕ ಕೊಡುತ್ತದೆ. ಇಲ್ಲಿ ಮೇವಿಗೆ ಕಾಲಂ ಇತ್ತು, ನೋಡಿ. ಅದಕ್ಕೇ ಹಾಲು ಕರೆಯುವ ಮನೆಗಳಿಗೂ ಅದು ಬೇಕಾಯಿತು.

ಇನ್ನು ಕಲಿಸುವ ವಿಷಯ. ರೈತರಿಗೆ ಹೇಳಿಕೊಡುವುದು ಎಂದರೆ ಕರಪತ್ರ ಹಂಚುವುದು ಎಂದು ನಾವು ಬಹಳ ಕಾಲ ತಿಳಿದಿದ್ದೆವು. ಇಂಡೋನೇಷ್ಯಾ ಇದನ್ನು ತಿದ್ದಿದ ರೀತಿ ನನಗೆ ತುಂಬ ಇಷ್ಟ. 1984ರಲ್ಲಿ ಆ ದೇಶ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಒಂದೆರಡು ವರ್ಷದಲ್ಲೇ ಕಂದು ಜಿಗಿಹುಳು ಗದ್ದೆಗಳನ್ನು ಸುಟ್ಟಂತೆ ಮಾಡಿತು. ಔಷಧಿ ಹೊಡೆದಷ್ಟೂ ಹುಳು ಜಾಸ್ತಿಯಾಯಿತು. ಜೇಡ ಮೊದಲಾದ, ಜಿಗಿಹುಳುವನ್ನು ತಿನ್ನುವ ಜೀವಿಗಳು ಔಷಧಿಗೆ ಮೊದಲು ಸಾಯುತ್ತಿದ್ದವು. ಸರ್ಕಾರವೇ ಔಷಧಿಗೆ ಭಾರಿ ಸಬ್ಸಿಡಿ ಕೊಡುತ್ತಿತ್ತು. 1986ರಲ್ಲಿ ಅಧ್ಯಕ್ಷರ ಆದೇಶದ ಮೂಲಕ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿದರು. ಆಮೇಲೆ ಸಬ್ಸಿಡಿಯನ್ನೂ ತೆಗೆದರು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರ ಹೊಲ ಶಾಲೆಗಳು ಶುರುವಾದವು.

ಆ ಶಾಲೆಗೆ ಗೋಡೆ ಇಲ್ಲ. ಇಪ್ಪತ್ತೈದು ಮಂದಿ ರೈತರು ನಾಟಿಯಿಂದ ಕಟಾವಿನವರೆಗೆ ವಾರಕ್ಕೊಮ್ಮೆ ಗದ್ದೆಯಲ್ಲಿ ಸೇರುತ್ತಾರೆ. ಗಿಡದ ಬುಡ ಬಿಡಿಸಿ ನೋಡುತ್ತಾರೆ. ಕಂಡ ಹುಳು, ಜೇಡ, ಎಲೆಯ ಬಣ್ಣ, ನೀರಿನ ಮಟ್ಟ ಎಲ್ಲವನ್ನೂ ದೊಡ್ಡ ಹಾಳೆಯ ಮೇಲೆ ಚಿತ್ರ ಬರೆಯುತ್ತಾರೆ. ಔಷಧಿ ಬೇಕೇ ಬೇಡವೇ ಎಂದು ಅವರೇ ವಾದ ಮಾಡಿ ತೀರ್ಮಾನಿಸುತ್ತಾರೆ. ಜೇಡ ಒಂದು ದಿನಕ್ಕೆ ಎಷ್ಟು ಹುಳು ತಿನ್ನುತ್ತದೆ ಎಂದು ಅನುಮಾನ ಬಂದರೆ, ಗಿಡಕ್ಕೆ ಬಲೆ ಕಟ್ಟಿ ಒಳಗೆ ಎರಡನ್ನೂ ಬಿಟ್ಟು ಎಣಿಸುತ್ತಾರೆ. ಎಲೆ ತಿಂದರೆ ಇಳುವರಿ ಹೋಗುತ್ತದೆ ಎಂಬ ಭಯವಿದ್ದರೆ, ಒಂದು ಮೂಲೆಯಲ್ಲಿ ಕತ್ತರಿಯಿಂದ ತಾವೇ ಎಲೆ ಕತ್ತರಿಸಿ ಕಾಯುತ್ತಾರೆ. ಎಳೆ ಗಿಡವಾದರೆ ಮತ್ತೆ ಚಿಗುರುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ಇದು ಪಾಠವಷ್ಟೇ ಅಲ್ಲ, ಇದೂ ಸಂಶೋಧನೆಯೇ. ಪ್ರಶ್ನೆ ಅವರದ್ದು, ಪುಸ್ತಕ ಅವರದ್ದು, ಕಾಲಂ ಅವರದ್ದು.

ರೈತರು ಹೊಸದನ್ನು ಬೇಗ ಒಪ್ಪುವುದಿಲ್ಲ ಎಂಬ ದೂರನ್ನು ನಾನು ಸಭೆಗಳಲ್ಲಿ ಕೇಳಿ ಕೇಳಿ ಬೇಸತ್ತಿದ್ದೇನೆ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮುಸುಕಿನ ಜೋಳ ಹೇಗೆ ಹರಡಿತು ಎಂದು 1943ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದಿದೆ. 259 ರೈತರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಕೊನೆಗೆ ಅದನ್ನು ಒಪ್ಪಿದರು. ಆದರೆ ಅದಕ್ಕೆ ಹನ್ನೆರಡು ಹದಿಮೂರು ವರ್ಷ ಹಿಡಿಯಿತು. ಬೀಜ ಮಾರುವವರಿಂದ ವಿಷಯ ಗೊತ್ತಾಯಿತು, ನಂಬಿಕೆ ಬಂದದ್ದು ಪಕ್ಕದ ಹೊಲದವರಿಂದ. ಮೊದಲು ಚಿಕ್ಕ ತುಂಡಿನಲ್ಲಿ ಹಾಕಿ ನೋಡಿದರು, ಆಮೇಲೆ ಪೂರ್ತಿ ಹಾಕಿದರು. ಇದು ಹಟವಲ್ಲ, ಬುದ್ಧಿವಂತಿಕೆ. ವಿಜ್ಞಾನಿ ಮಾಡುವುದೂ ಇದನ್ನೇ ಅಲ್ಲವೇ? ವಿಜ್ಞಾನಿಯ ತಾಕು ಹಾಳಾದರೆ ಒಂದು ವರ್ಷದ ಅಂಕಿ ಹೋಗುತ್ತದೆ. ರೈತರ ಹೊಲ ಹಾಳಾದರೆ ಒಂದು ವರ್ಷದ ಊಟ ಹೋಗುತ್ತದೆ.

ರೈತ ಎಂದಾಗ ನಮ್ಮ ಕಣ್ಣಿಗೆ ಗಂಡಸೇ ಬರುತ್ತಾನೆ. ಸಭೆಗೆ ಬರುವವನೂ ಅವನೇ, ಸಹಿ ಹಾಕುವವನೂ ಅವನೇ. ಆದರೆ ಅಭಿವೃದ್ಧಿಶೀಲ ದೇಶಗಳ ಕೃಷಿ ದುಡಿಮೆಯಲ್ಲಿ ಸರಾಸರಿ ಶೇ 43ರಷ್ಟು ಮಂದಿ ಹೆಂಗಸರು ಎಂದು ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ಹೇಳಿತ್ತು. ಬೀಜ, ಗೊಬ್ಬರ, ಸಾಲ, ಸಲಹೆ ಎಲ್ಲವೂ ಗಂಡಸರಿಗೆ ಸಿಗುವಷ್ಟೇ ಅವರಿಗೂ ಸಿಕ್ಕರೆ ಅವರ ಹೊಲದ ಇಳುವರಿ ಶೇ 20ರಿಂದ 30ರಷ್ಟು ಏರಬಹುದು ಎಂದೂ ಅದೇ ವರದಿ ಹೇಳಿತು. ನಾನು ನೋಡಿದ ಸಭೆಗಳು ಬೆಳಗ್ಗೆ ಹತ್ತಕ್ಕೆ ಇರುತ್ತಿದ್ದವು. ಆ ಹೊತ್ತಿಗೆ ಹೆಂಗಸರು ಹೊಲದಲ್ಲಿ ಇರುತ್ತಿದ್ದರು. ನಾವು ಯಾವ ಕೆಲಸದ ಬಗ್ಗೆ ಮಾತನಾಡುತ್ತಿದ್ದೆವೋ ಅವರು ಆ ಹೊತ್ತಿಗೆ ಅದೇ ಕೆಲಸ ಮಾಡುತ್ತಿದ್ದರು. ಒಂದು ಸಲ ಕಳೆ ತೆಗೆಯುವ ಯಂತ್ರವೊಂದನ್ನು ಪ್ರದರ್ಶನಕ್ಕೆ ತಂದಿದ್ದರು. ಒಳ್ಳೆಯ ಯಂತ್ರ, ತುಂಬ ಭಾರ. ಅದನ್ನು ತಳ್ಳಿ ತೋರಿಸಿದವರು ಗಟ್ಟಿಮುಟ್ಟಾದ ಇಬ್ಬರು ಹುಡುಗರು. ಅಲ್ಲಿ ಕಳೆ ತೆಗೆಯುತ್ತಿದ್ದವರೆಲ್ಲ ಹೆಂಗಸರು. ಹಿಡಿಕೆ ಅವರ ಎದೆಯ ಮಟ್ಟಕ್ಕೆ ಬರುತ್ತಿತ್ತು. ಯಂತ್ರ ಮಾಡುವ ಮೊದಲು ಅವರ ಎತ್ತರ ಅಳೆದಿದ್ದರೆ ಸಾಕಿತ್ತು.

ಬೆಳೆದದ್ದನ್ನು ಉಳಿಸುವ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕಟಾವಿನ ನಂತರ, ಅಂಗಡಿ ಸೇರುವ ಮೊದಲೇ ಜಗತ್ತಿನ ಆಹಾರದ ಶೇ 14ರಷ್ಟು ಹಾಳಾಗುತ್ತದೆ ಎಂಬ ಅಂದಾಜು 2019ರಲ್ಲಿ ಬಂತು. ಅಲಸಂದೆ ಕಾಳಿಗೆ ನುಸಿ ಹಿಡಿಯುವುದನ್ನು ತಡೆಯಲು ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಾಕ್ ಮತ್ತು ಸಂಗಡಿಗರು ಕ್ಯಾಮರೂನಿನಲ್ಲಿ ದುಡಿದು ಕಂಡುಕೊಂಡದ್ದು ಒಂದು ಚೀಲ. ಹೊರಗೆ ಸಾಮಾನ್ಯ ನೇಯ್ದ ಚೀಲ, ಒಳಗೆ ಎರಡು ಪ್ಲಾಸ್ಟಿಕ್ ಪದರ. ಬಿಗಿಯಾಗಿ ಕಟ್ಟಿದರೆ ಒಳಗಿನ ಆಮ್ಲಜನಕ ಮುಗಿದು ಹುಳು ಸಾಯುತ್ತದೆ. ಔಷಧಿ ಬೇಡ. ಸುಗ್ಗಿಯಲ್ಲಿ ಬೆಲೆ ಬಿದ್ದಾಗ ಮಾರಿಬಿಡುವ ಗತಿ ತಪ್ಪುತ್ತದೆ. ಇಂಥ ಚಿಕ್ಕ ಕೆಲಸಗಳಿಗೆ ಸಂಸ್ಥೆಗಳಲ್ಲಿ ಸಿಗುವ ಗೌರವ ಕಡಿಮೆ ಎಂಬುದು ನನ್ನ ಅನುಭವ.

ಈಗ ಹಣದ ಮಾತು, ಅಂದರೆ ಕಾಲದ ಮಾತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಬ್ರಾಡ್‌ಬಾಕ್ ಎಂಬ ಹೊಲವಿದೆ. 1843ರಲ್ಲಿ ಅಲ್ಲಿ ಗೋಧಿಯ ಪ್ರಯೋಗ ಶುರುವಾಯಿತು. ಇವತ್ತಿಗೂ ನಡೆಯುತ್ತಿದೆ. ಗೊಬ್ಬರ ಹಾಕದ ತಾಕು, ಕೊಟ್ಟಿಗೆ ಗೊಬ್ಬರದ ತಾಕು, ರಾಸಾಯನಿಕ ಗೊಬ್ಬರದ ತಾಕು, ಎಲ್ಲವನ್ನೂ ತಲೆಮಾರುಗಳ ಕಾಲ ಕಾದುಕೊಂಡು ಬಂದಿದ್ದಾರೆ. ಹಳೆಯ ಮಣ್ಣು, ಹಳೆಯ ಕಾಳು ಕೂಡ ಬಾಟಲಿಗಳಲ್ಲಿ ಇದೆ. ಮಣ್ಣು ನಿಧಾನವಾಗಿ ಮಾತನಾಡುತ್ತದೆ. ನಮ್ಮ ಯೋಜನೆಗಳಿಗೆ ಇರುವುದು ಮೂರು ವರ್ಷ. ಮೊದಲ ವರ್ಷ ನೇಮಕಾತಿಯಲ್ಲಿ ಹೋಗುತ್ತದೆ, ಕೊನೆಯ ಆರು ತಿಂಗಳು ವರದಿಯಲ್ಲಿ. ನಡುವೆ ಒಂದು ವರ್ಷ ಮಳೆ ಬಾರದಿದ್ದರೆ ಮುಗಿಯಿತು. ತಳಿ ಬಿಡುಗಡೆ ಆಯಿತು ಎಂದ ಕೂಡಲೇ ಹಣ ನಿಲ್ಲುತ್ತದೆ. ನಿಜವಾದ ಕಷ್ಟ ಶುರುವಾಗುವುದೇ ಆಗ. ತಳಿ ಮಾಡಿದವರ ಹತ್ತಿರದ ಸ್ವಲ್ಪ ಬ್ರೀಡರ್ ಬೀಜವನ್ನು ಬೆಳೆಸಿ ಫೌಂಡೇಶನ್ ಬೀಜ, ಅದನ್ನು ಬೆಳೆಸಿ ರೈತರಿಗೆ ಕೊಡುವ ಪ್ರಮಾಣಿತ ಬೀಜ ಮಾಡಬೇಕು. ಹೊತ್ತಿಗೆ ಸರಿಯಾಗಿ, ಮಳೆಗೆ ಮೊದಲು, ಹಳ್ಳಿಗೆ ಮುಟ್ಟಿಸಬೇಕು. ಬಿತ್ತಿದವರ ಹತ್ತಿರ ಎರಡನೇ ವರ್ಷವೂ ಮೂರನೇ ವರ್ಷವೂ ಹೋಗಿ ಕೇಳಬೇಕು. ಈ ಕೆಲಸಕ್ಕೆ ಯಾವ ಅರ್ಜಿಯಲ್ಲೂ ಸಾಲು ಇರುವುದಿಲ್ಲ.

ಮಾರಲು ಏನೂ ಇಲ್ಲದ ಸಂಶೋಧನೆಗೆ ಸಾರ್ವಜನಿಕ ಹಣವೇ ಬೇಕು ಎಂಬುದನ್ನೂ ದಯವಿಟ್ಟು ನೆನಪಿಡಿ. 1970ರ ದಶಕದಲ್ಲಿ ದಕ್ಷಿಣ ಅಮೆರಿಕದ ಒಂದು ಹಿಟ್ಟು ತಿಗಣೆ ಆಫ್ರಿಕಾಕ್ಕೆ ಬಂದು ಮರಗೆಣಸಿನ ಹೊಲಗಳನ್ನು ಹಾಳು ಮಾಡಿತು. ಮರಗೆಣಸೇ ಊಟವಾಗಿದ್ದ ಕೋಟಿಗಟ್ಟಲೆ ಜನರ ಗತಿ ಕಷ್ಟವಾಯಿತು. ನೈಜೀರಿಯಾದ ಇಬಾಡಾನ್‌ನ ಸಂಸ್ಥೆಯಲ್ಲಿದ್ದ ಹಾನ್ಸ್ ಹೆರೆನ್ ಮತ್ತು ಜೊತೆಗಾರರು ಆ ತಿಗಣೆಯ ತವರಿನಲ್ಲೇ ಅದರ ಶತ್ರುವನ್ನು ಹುಡುಕಿದರು. ಪರಾಗ್ವೆಯಲ್ಲಿ ಸಿಕ್ಕ ಒಂದು ಸಣ್ಣ ಕಣಜವನ್ನು ತಂದು, ಅದರಿಂದ ಬೇರೆ ತೊಂದರೆ ಇಲ್ಲ ಎಂದು ಪರೀಕ್ಷಿಸಿ, 1981ರಿಂದ ಬಿಡತೊಡಗಿದರು. ಕಣಜ ತಾನಾಗಿ ಹರಡಿತು. ರೈತರು ಏನನ್ನೂ ಕೊಳ್ಳಬೇಕಾಗಲಿಲ್ಲ. 1995ರಲ್ಲಿ ಹೆರೆನ್ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಆ ಕಣಜಕ್ಕೆ ಯಾವ ಕಂಪನಿಯೂ ಬೆಲೆ ಚೀಟಿ ಅಂಟಿಸಲಾರದು. ಅದಕ್ಕೇ ಅಂಥ ಕೆಲಸಕ್ಕೆ ನೀವು ಬೇಕು.

ಇನ್ನು, ಹೊಲದಲ್ಲೇ ಹುಟ್ಟುವ ಸಂಶೋಧನೆ. ಬುರ್ಕಿನಾ ಫಾಸೋದ ಯಾಕೂಬಾ ಸವಾಡೋಗೋ 1980ರ ದಶಕದ ಬರದಲ್ಲಿ ಗಟ್ಟಿಯಾದ ಬರಡು ನೆಲದಲ್ಲಿ ಗುಂಡಿ ತೋಡಿದರು. ಅದು ಅಲ್ಲಿನ ಹಳೆಯ ಪದ್ಧತಿಯೇ. ಅವರು ಗುಂಡಿಯನ್ನು ದೊಡ್ಡದು ಮಾಡಿದರು, ಗೊಬ್ಬರ ಹಾಕಿದರು, ಮಳೆಗೆ ಮೊದಲೇ ಬೇಸಿಗೆಯಲ್ಲೇ ತೋಡಿಟ್ಟರು. ಗೊಬ್ಬರಕ್ಕೆ ಬಂದ ಗೆದ್ದಲು ನೆಲ ಕೊರೆದು ನೀರು ಇಂಗಲು ದಾರಿ ಮಾಡಿತು. ಜನ ಹುಚ್ಚ ಎಂದರು. ಬೆಳೆ ಬಂತು, ಜೊತೆಗೆ ಮರಗಳೂ ಬಂದವು, ಕಾಡೇ ಆಯಿತು. ತಮ್ಮ ಹೊಲಕ್ಕೆ ಬೇರೆ ಹಳ್ಳಿಯವರನ್ನು ಕರೆದು ಬೀಜ ಹಂಚಿ, ವಿಧಾನ ಹೇಳಿಕೊಟ್ಟರು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಿಕ್ಕಿತು, 2023ರಲ್ಲಿ ತೀರಿಕೊಂಡರು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದಾದಾಜಿ ಖೋಬ್ರಾಗಡೆ 1983ರಲ್ಲಿ ತಮ್ಮ ಗದ್ದೆಯಲ್ಲಿ ಬೇರೆಯಾಗಿ ಕಂಡ ಕೆಲವು ತೆನೆಗಳನ್ನು ಎತ್ತಿಟ್ಟು, ವರ್ಷ ವರ್ಷ ಆರಿಸಿ, ಒಂದು ಭತ್ತ ಮಾಡಿದರು. ಆಗ ಎಲ್ಲರ ಕೈಯಲ್ಲಿದ್ದ ಗಡಿಯಾರದ ಹೆಸರು ಅದಕ್ಕೆ ಬಂತು: ಎಚ್‌ಎಂಟಿ. ಅದು ರಾಜ್ಯಗಳ ಗಡಿ ದಾಟಿ ಹರಡಿತು. ಅವರು ಮಾತ್ರ ಬಾಳಿನ ಬಹುಭಾಗ ಬಡತನದಲ್ಲೇ ಇದ್ದರು. ಇಂಥವರನ್ನು ಪ್ರಗತಿಪರ ರೈತ ಎಂದು ಶಾಲು ಹೊದಿಸಿ ಕಳಿಸಿದರೆ ಸಾಲದು. ಅವರ ಜೊತೆ ಕೂತು ಕೆಲಸ ಮಾಡಲು ಹಣ ಇಡಿ. ಅವರ ಹೆಸರು ಪ್ರಬಂಧದಲ್ಲಿ ಬರಲಿ. ತಳಿಯಿಂದ ಆದಾಯ ಬಂದರೆ ಪಾಲು ಅವರಿಗೂ ಹೋಗಲಿ.

ಇಷ್ಟೆಲ್ಲ ಬರೆದ ಮೇಲೆ, ನಾಳೆ ಬೆಳಗ್ಗೆಯೇ ಮಾಡಬಹುದಾದ ಒಂದು ಕೆಲಸ ಕೇಳುತ್ತೇನೆ. ಮುಂದಿನ ಹಂಗಾಮಿಗೆ ನಿಮ್ಮ ಮೇಜಿನ ಮೇಲೆ ಬಂದಿರುವ ಯೋಜನೆಯ ಅರ್ಜಿಗಳಲ್ಲಿ ಒಂದನ್ನು ಎತ್ತಿಕೊಳ್ಳಿ. ಅದರ ಪ್ರಶ್ನೆಯನ್ನು ಯಾವ ರೈತರ ಜೊತೆ ಕೂತು ತಯಾರಿಸಿದಿರಿ, ಅದರಲ್ಲಿ ಹೆಂಗಸರು ಎಷ್ಟು ಮಂದಿ, ಅವರು ಹೇಳಿದ ಯಾವ ಮಾತು ಈ ಅರ್ಜಿಯನ್ನು ಬದಲಾಯಿಸಿತು ಎಂದು ಅರ್ಜಿ ಹಾಕಿದವರನ್ನು ಬರೆದು ಕೇಳಿ. ಉತ್ತರ ಖಾಲಿ ಬಂದರೆ, ಅರ್ಜಿ ತಿರಸ್ಕರಿಸಬೇಡಿ. ಹಳ್ಳಿಗೆ ಹೋಗಿಬರಲು ಅವರಿಗೆ ಮೂರು ತಿಂಗಳು ಸಮಯ ಕೊಡಿ, ಆ ಓಡಾಟದ ಖರ್ಚೂ ಕೊಡಿ. ಮತ್ತೆ, ರೈತರು ಒಂದು ತಳಿ ಬಿಟ್ಟರೆ ಕಾರಣವನ್ನು ಅವರ ಬಾಯಿಂದಲೇ ಕೇಳಿ ವರದಿಯಲ್ಲಿ ಬರೆಯುವುದನ್ನು ಕಡ್ಡಾಯ ಮಾಡಿ. "ತಿಳಿವಳಿಕೆಯ ಕೊರತೆ" ಎಂಬ ಸಾಲು ಬರೆಯಲು ಯಾರಿಗೂ ಅವಕಾಶ ಕೊಡಬೇಡಿ.

ಆ ಜೋಳದ ಪ್ರಯೋಗದ ಪುಸ್ತಕ ಕಚೇರಿಯ ಕಪಾಟಿನಲ್ಲಿ ಎಲ್ಲೋ ಇದೆ. ಕಟಾವಾದ ಮೇಲೆ ಸೊಪ್ಪೆಯನ್ನು ಆಳುಗಳು ಬದಿಗೆ ರಾಶಿ ಹಾಕಿದ್ದರು. ಆ ತಾಯಿ ಒಂದು ಸಂಜೆ ಮತ್ತೆ ಬಂದು, ಒಂದು ಹೊರೆ ತೆಗೆದುಕೊಂಡು ಹೋಗಲೇ ಎಂದು ಕೇಳಿದರು. ಹೊರೆ ಕಟ್ಟಿ ತಲೆಯ ಮೇಲೆ ಇಟ್ಟುಕೊಟ್ಟೆ. ತುಂಬ ಹಗುರವಿತ್ತು. ಅವರೂ ಅದನ್ನು ಗಮನಿಸಿದರು, ಏನೂ ಹೇಳಲಿಲ್ಲ. ತಕ್ಕಡಿ ಅಲ್ಲೇ ಇತ್ತು. ನನಗೆ ತೂಗಬೇಕು ಎಂದು ಹೊಳೆಯಲೇ ಇಲ್ಲ.

ಇಂತಿ,
ಪ್ರಯೋಗ ತಾಕಿನ ಪುಸ್ತಕ ಹಿಡಿದಿದ್ದ ಒಬ್ಬ ಕ್ಷೇತ್ರ ಸಹಾಯಕ